ಮೊದಲ ಚೊಂಬು

ಗೀಸರಿನ ಗುಂಡಿ ಮತ್ತೆ ಎಪ್ಪತ್ತರ ಹತ್ತಿರ ನಿಂತಿತ್ತು. ನಲವತ್ತೈದರ ಎದುರಿಗೆ ಅಶೋಕ ತನ್ನ ಕೈಯಾರೆ, ಮಗಳ ನೈಲ್ ಪಾಲಿಶ್ ಕೇಳಿ ತಂದು ಇಟ್ಟಿದ್ದ ಕೆಂಪು ಚುಕ್ಕೆ ಮಾತ್ರ ಇದ್ದಲ್ಲೇ ಇತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸ್ನಾನಕ್ಕೆಂದು ಬಂದವನು ಬಚ್ಚಲುಮನೆಯ ಬಾಗಿಲಲ್ಲೇ ನಿಂತು, ಇದನ್ನು ಮುಟ್ಟಿದವರು ಯಾರು ಎಂದು ಇಡೀ ಮನೆಗೆ ಕೇಳುವಂತೆ ವಿಚಾರಣೆ ಶುರುಮಾಡಿದ.

ಅಡುಗೆಮನೆಯಲ್ಲಿ ಹೆಸರುಹಿಟ್ಟು ಜರಡಿ ಹಿಡಿಯುತ್ತಿದ್ದ ಅವನ ಹೆಂಡತಿ ಪದ್ಮಾವತಿ, ತಾನು ಆ ಗುಂಡಿಯ ಕಡೆ ತಲೆಯೆತ್ತಿಯೂ ನೋಡುವುದಿಲ್ಲ ಎಂದಳು. ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಭಾನುಪ್ರಿಯಾ, ಮಗು ಈಗ ತಾನೇ ಮಲಗಿದೆ, ಮೆಲ್ಲಗೆ ಮಾತಾಡಪ್ಪ ಎಂದು ಕೋಣೆಯೊಳಗಿಂದ ಗದರಿದಳು. ಇನ್ನು ಉಳಿದವಳೆಂದರೆ ಅಶೋಕನ ತಾಯಿ ಪುಟ್ಟಲಿಂಗಮ್ಮ. ಆಕೆ ಹಾಲಿನಲ್ಲಿ ದಿವಾನದ ಮೇಲೆ ಕೂತು, ಹಳೆಯ ಹತ್ತಿ ಸೀರೆಯೊಂದನ್ನು ಕೂಸಿನ ಬಟ್ಟೆಗೆಂದು ಹರಿಯುತ್ತಿದ್ದಳು. ಹರಿಯುವುದನ್ನು ನಿಲ್ಲಿಸಲಿಲ್ಲ.

"ಕರೆಂಟು ಓಗಿ ಬಂತಲ್ಲ, ಆಗ ಅದೇ ತಿರುಗ್ಕಂಡಿರ್ಬೇಕು ಬುಡು," ಎಂದಳು.

ಅಶೋಕ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಬೋಗಿಗಳ ಜೊತೆ ಗುದ್ದಾಡಿದ ಕೈಗೆ ಈಗ ಸಿಕ್ಕಿದ್ದ ಯಂತ್ರ ಎಂದರೆ ಈ ಗೀಸರ್ ಒಂದೇ. ಸಿದ್ಧಾರ್ಥನಗರದ ಆ ಪುಟ್ಟ ಮನೆಯ ಬಚ್ಚಲಿನಲ್ಲಿ ಮೇಲೆ ಸಜ್ಜಾ ಇದ್ದುದರಿಂದ ಅದನ್ನು ಎಲ್ಲರ ಕೈಗೂ ಎಟುಕುವಷ್ಟು ಕೆಳಗೆ ತೂಗುಹಾಕಿದ್ದರು, ಎಡವಟ್ಟಾಗಿದ್ದು ಅಲ್ಲೇ. ಮೈಗೆ ಎಷ್ಟು ಬಿಸಿ ಬೇಕೋ ಅಷ್ಟಕ್ಕೇ ನೀರು ಕಾಯಿಸಬೇಕು ಎನ್ನುವುದು ಅವನ ಸಿದ್ಧಾಂತ. ಸುಡುವಷ್ಟು ಕಾಯಿಸಿ, ಆಮೇಲೆ ಅದಕ್ಕೆ ತಣ್ಣೀರು ಬೆರೆಸುವುದೆಂದರೆ ಕರೆಂಟನ್ನು ತೆಗೆದು ಮೋರಿಗೆ ಸುರಿದ ಹಾಗೆ. ಸಾಲದ್ದಕ್ಕೆ, ನೀರು ಜಾಸ್ತಿ ಕಾದಷ್ಟೂ ಒಳಗಿನ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ, ಅದರಲ್ಲೂ ಬೋರ್‌ವೆಲ್ ನೀರಿಗೆ. ಚಳಿ ಶುರುವಾದಾಗಿನಿಂದ ಗುಂಡಿಯನ್ನು ಒಂದೊಂದೇ ಗೆರೆ ಹತ್ತಿಸುತ್ತ ಇಳಿಸುತ್ತ, ಸ್ನಾನ ಮುಗಿಸಿ ಬಂದವರನ್ನೆಲ್ಲ ತಡೆದು ನಿಲ್ಲಿಸಿ ಬಿಸಿ ಸಾಕಾಯಿತಾ ಎಂದು ಕೇಳುತ್ತ, ಕೊನೆಗೆ ನಲವತ್ತೈದೇ ಸರಿ ಎಂದು ತೀರ್ಮಾನ ಮಾಡಿದ್ದ. ಸಾಕಾಗಲಿಲ್ಲ ಎಂದರೆ ಇನ್ನೊಂದು ಪಾಠ ಕೇಳಬೇಕಾಗುತ್ತಿತ್ತು. ಹಾಗಾಗಿ ಎಲ್ಲರೂ ಸಾಕಾಯಿತು ಎನ್ನುತ್ತಿದ್ದರು.

ಪುಟ್ಟಲಿಂಗಮ್ಮ ಮಾತ್ರ ಒಪ್ಪಿರಲಿಲ್ಲ. ನೀರು ಮೊದಲು ಚೆನ್ನಾಗಿ ಕಾಯಬೇಕು, ಆಮೇಲೆ ಅದಕ್ಕೆ ತಣ್ಣೀರು ಬೆರೆಸಿ ಕೈಯಿಂದ ಹದಕ್ಕೆ ತರಬೇಕು, ಗೋಡೆಗೆ ನೇತುಹಾಕಿದ ಡಬ್ಬಕ್ಕೆ ಹದ ಏನು ಗೊತ್ತು ಎಂದು ಆಕೆ ವಾದಿಸುತ್ತಿದ್ದಳು. ಹಾಗೆ ಹೇಳುವ ಹಕ್ಕೂ ಆಕೆಗಿತ್ತು.

ಮದುವೆಯಾಗಿ ಮೈಸೂರಿಗೆ ಬಂದಾಗ ಆಕೆ ಸೇರಿದ್ದು ಒಂಟಿಕೊಪ್ಪಲಿನ ಒಂದು ವಠಾರಕ್ಕೆ. ಸಾಲುಮನೆಗಳಿಗೆಲ್ಲ ಸೇರಿ ಹಿತ್ತಲಿನಲ್ಲಿ ಒಂದೇ ಬಚ್ಚಲು, ಅದರೊಳಗೆ ಒಲೆಯ ಮೇಲೆ ಕೂರಿಸಿದ್ದ ತಾಮ್ರದ ಹಂಡೆ. ಗಂಡ ಚಿಕ್ಕಮಾದಯ್ಯ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಸಂಜೆ ಬರುವಾಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಮರದ ಹೊಟ್ಟಿನ ಮೂಟೆ ಇರುತ್ತಿತ್ತು. ಒಲೆಯ ನಡುವೆ ಒಂದು ಕೊರಡು ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಒತ್ತಿ ಒತ್ತಿ ತುಂಬಿ, ಕೊರಡನ್ನು ಮೆಲ್ಲಗೆ ಎಳೆದು ಆ ತೂತಿಗೆ ಕಿಡಿ ತಾಕಿಸಿದರೆ ಸಾಕು, ಬಹಳ ಹೊತ್ತು ಸಣ್ಣಗೆ ಉರಿಯುತ್ತಿತ್ತು. ತೇಗ ಕೊಯ್ದ ದಿನದ ಹೊಗೆಯ ವಾಸನೆಯೇ ಬೇರೆ, ಹಲಸು ಕೊಯ್ದ ದಿನದ್ದೇ ಬೇರೆ. ಮಿಲ್ಲಿನಲ್ಲಿ ಈವತ್ತು ಯಾವ ಮರಕ್ಕೆ ಗರಗಸ ಹಾಕಿದರು ಎಂದು ಪುಟ್ಟಲಿಂಗಮ್ಮ ಗಂಡನನ್ನು ಕೇಳದೆಯೇ ಹೇಳುತ್ತಿದ್ದಳು. ಚಿಕ್ಕಮಾದಯ್ಯ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ, ಎಲ್ಲಾದರೂ ಬಡಗಿಯ ಅಂಗಡಿಯ ಮುಂದೆ ಹಾದುಹೋದರೆ ಆಕೆಗೆ ಈಗಲೂ ಬಿಸಿನೀರಿನ ನೆನಪಾಗುತ್ತಿತ್ತು.

ಆ ಬಚ್ಚಲಿನಲ್ಲೇ ಅತ್ತೆ ಬೀರಮ್ಮ ಆಕೆಗೆ ಕೂಸಿಗೆ ನೀರು ಹಾಕುವುದನ್ನು ಕಲಿಸಿದ್ದು. ಕಲಿತದ್ದು ಅಶೋಕನ ಮೇಲೆ. ಮಣೆಯ ಮೇಲೆ ಕೂತು ಕಾಲು ಚಾಚಿ, ಚಾಚಿದ ಕಾಲುಗಳ ಮೇಲೆ ಕೂಸನ್ನು ಅಂಗಾತ ಮಲಗಿಸಿಕೊಳ್ಳಬೇಕು. ಬೆರೆಸಿದ ನೀರಿನ ಮೊದಲ ಚೊಂಬನ್ನು ಕೂಸಿಗೆ ಹಾಕುವಂತಿಲ್ಲ. ಅದು ಹಾಕುವವಳ ಪಾದಕ್ಕೆ.

"ಕೈ ನಂಬ್ಬೇಡ. ಒಲೆ ಮುಂದೆ ಬೆಂದ ಕೈ ಅದು. ನಿನ್ ಕಾಲ್ಗೆ ತಾಳಿದ್ರೆ ಕೂಸ್ಗೆ ತಾಳ್ತದೆ," ಎಂದಿದ್ದಳು ಬೀರಮ್ಮ.

ಆಮೇಲೆ ವಠಾರದಲ್ಲಿ ಯಾರಿಗೆ ಹೆರಿಗೆಯಾದರೂ ಪುಟ್ಟಲಿಂಗಮ್ಮನಿಗೇ ಕರೆ. ವಠಾರ ದಾಟಿ ಬೀದಿಗೂ, ಬೀದಿ ದಾಟಿ ಹಿಂದಿನ ಕ್ರಾಸಿಗೂ ಹೆಸರು ಹೋಯಿತು. ಆಕೆಯ ಕಾಲಿನ ಮೇಲೆ ಮಲಗಿ ಅತ್ತ ಕೂಸುಗಳು ಮೀಸೆ ಬಂದ ಗಂಡಸರಾಗಿ ಮಾರ್ಕೆಟ್ಟಿನಲ್ಲಿ ಸ್ಕೂಟರ್ ನಿಲ್ಲಿಸಿ ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದರು. ಇವನ ಅಂಡು ತೊಳೆದವಳು ನಾನು ಎಂದು ಆಕೆ ಅವರ ಹೆಂಡಿರ ಎದುರಿಗೇ ಹೇಳಿಬಿಡುತ್ತಿದ್ದಳು. ವಠಾರ ಬಿಟ್ಟು ಸಿದ್ಧಾರ್ಥನಗರದಲ್ಲಿ ಸ್ವಂತ ಮನೆ ಕಟ್ಟಿದಾಗ ಅಂಥದ್ದೇ ಒಂದು ಹಂಡೆ ಕೊಂಡು ಕೂರಿಸಿದ್ದರು. ಭಾನುಪ್ರಿಯಾ ಹುಟ್ಟಿದಾಗ ನೀರು ಕಾದದ್ದು ಅದರಲ್ಲೇ. ಈಗ ಆ ಹಂಡೆ ಮೆಟ್ಟಿಲ ಕೆಳಗೆ, ಅಶೋಕನ ಹಳೆಯ ಸ್ಪ್ಯಾನರುಗಳನ್ನೂ ಪೈಪಿನ ತುಂಡುಗಳನ್ನೂ ತುಂಬಿಕೊಂಡು ಕೂತಿತ್ತು.

ಬಸುರಿಯಾಗಿದ್ದಾಗಲೇ ಭಾನುಪ್ರಿಯಾ ಹೇಳಿದ್ದಳು, ತನಗೂ ಮಗುವಿಗೂ ಅಜ್ಜಿಯೇ ನೀರು ಹಾಕಬೇಕು ಎಂದು. ಆ ಮಾತು ಕೇಳಿದ ದಿನದಿಂದ ಪುಟ್ಟಲಿಂಗಮ್ಮನ ನಡಿಗೆಯೇ ಬೇರೆಯಾಗಿತ್ತು. ಹೆಣ್ಣು ಕೂಸು ಹುಟ್ಟಿತು. ಹೊಕ್ಕಳು ಬಿದ್ದು ಪುರುಡು ಕಳೆಯುವವರೆಗೆ ಅದಕ್ಕೆ ಬರೀ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದರು. ಮೊದಲ ಎಣ್ಣೆನೀರು ಬರುವ ಭಾನುವಾರ ಎಂದು ಗೊತ್ತುಮಾಡಿದ್ದರು. ಮರಿಮಗಳಿಗೆ ನೀರು ಹಾಕಿದ ಮೇಲೆ ತನಗೆ ಇನ್ನೇನೂ ಬೇಡ ಎಂದು ಪುಟ್ಟಲಿಂಗಮ್ಮ ಬಂದವರಿಗೆಲ್ಲ ಹೇಳಿಕೊಂಡಿದ್ದಳು.

ಅಲ್ಲಿಯವರೆಗೆ ಬಾಣಂತಿಯ ಸ್ನಾನವಿತ್ತಲ್ಲ, ಅದರಲ್ಲೇ ಗುಂಡಿಯ ಜಗಳ ಹುಟ್ಟಿದ್ದು. ಅಶೋಕನ ಚುಕ್ಕೆಯ ನೀರು ಪುಟ್ಟಲಿಂಗಮ್ಮನಿಗೆ ಉಗುರುಬೆಚ್ಚಗೂ ಅನ್ನಿಸುತ್ತಿರಲಿಲ್ಲ. ಗುಂಡಿ ತಿರುಗಿಸಿದಳು. ಮಾರನೆಯ ದಿನ ಅದೂ ಸಾಲದೆನಿಸಿತು, ಇನ್ನಷ್ಟು ತಿರುಗಿಸಿದಳು. ಡಬ್ಬ ಕೆಟ್ಟುಹೋಗಿದೆ ಎಂದು ಸೊಸೆಯ ಹತ್ತಿರ ದೂರಿದಳು. ಅಶೋಕ ಮತ್ತೆ ಚುಕ್ಕೆಗೆ ತಂದು ನಿಲ್ಲಿಸುತ್ತಿದ್ದ, ಅವನು ಪೇಪರ್ ಹಿಡಿದು ಕೂತ ಹೊತ್ತು ನೋಡಿ ಈಕೆ ಮತ್ತೆ ಏರಿಸುತ್ತಿದ್ದಳು. ಇವರಿಬ್ಬರಿಗೂ ಗೊತ್ತಿಲ್ಲದ ಮೂರನೆಯ ಕೈಯೊಂದಿತ್ತು. ಅಜ್ಜಿ ಎಣ್ಣೆ ಬಟ್ಟಲಿಗೆಂದು ಆ ಕಡೆ ತಿರುಗಿದೊಡನೆ ಭಾನುಪ್ರಿಯಾ ತಣ್ಣೀರಿನ ನಲ್ಲಿಯನ್ನು ಸದ್ದಿಲ್ಲದೆ ಬಿಟ್ಟುಕೊಳ್ಳುತ್ತಿದ್ದಳು. ಬಾಣಂತಿಯ ನೀರು ಸುಡಬೇಕು ಎಂದು ಆಕೆ ಚಿಕ್ಕಂದಿನಿಂದ ಕೇಳಿದ್ದಳು. ತನಗೇ ತಾಳಿಕೆ ಕಮ್ಮಿ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಪುಟ್ಟಲಿಂಗಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಳು. ಸೀರೆಯ ಅಂಚು ಎಡಪಾದಕ್ಕೆ ಒದ್ದೆಯಾಗಿ ಅಂಟಿಕೊಂಡಿರುವುದು ಕಣ್ಣಿಗೆ ಬಿತ್ತು. ಬಿಡಿಸಿ ನೋಡಿದರೆ, ಪಾದದ ಮೇಲೆ ಅಂಗೈಯಗಲ ಬೊಬ್ಬೆಯೆದ್ದು ಒಡೆದಿತ್ತು.

ಮುಟ್ಟಿ ನೋಡಿದಳು, ನೋವಿಲ್ಲ. ಉಗುರಿನಿಂದ ಒತ್ತಿದಳು, ಆಗಲೂ ಇಲ್ಲ. ಬೇರೆ ಯಾರದೋ ಕಾಲನ್ನು ಮುಟ್ಟಿದ ಹಾಗಿತ್ತು. ಬೆಳಿಗ್ಗೆ ಮೊಮ್ಮಗಳು ಬಚ್ಚಲಿಗೆ ಬರುವ ಮುಂಚೆ ಬಿಸಿನೀರಿನ ನಲ್ಲಿಯಿಂದ ಚೊಂಬಿನ ಮೇಲೆ ಚೊಂಬು ನೀರನ್ನು ಪಾದಕ್ಕೆ ಸುರಿದುಕೊಂಡು, ಇನ್ನೂ ಬಿಸಿ ಬಂದಿಲ್ಲವಲ್ಲ ಎಂದು ಗೀಸರನ್ನು ಬೈದದ್ದು ನೆನಪಾಯಿತು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ಶುರುಮಾಡಿ ಬಹಳ ಕಾಲವಾಗಿತ್ತು. ಬೀದಿಯಲ್ಲಿ ಚಪ್ಪಲಿ ಕಳಚಿಬಿದ್ದರೂ ತಿಳಿಯದೆ ಮುಂದೆ ನಡೆದದ್ದು, ಒಲೆಯಿಂದ ಇಳಿಸಿದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿದ್ದು, ಅಜ್ಜಿಯ ಕೈ ಕಬ್ಬಿಣ ಎಂದು ಮನೆಯವರೆಲ್ಲ ನಕ್ಕಿದ್ದು, ತಾನೂ ಹೆಮ್ಮೆಯಿಂದ ನಕ್ಕಿದ್ದು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಡಬ್ಬ ಕೆಟ್ಟಿರಲಿಲ್ಲ.

ನಾಳೆ ಇದೇ ಕಾಲಿನ ಮೇಲೆ ಕೂಸನ್ನು ಮಲಗಿಸಬೇಕು. ಪುಟ್ಟಲಿಂಗಮ್ಮನಿಗೆ ಹೆದರಿಕೆಯಾಯಿತು. ಇಷ್ಟು ವರ್ಷದಲ್ಲಿ ನೀರಿಗೆ ಆಕೆ ಹೆದರಿದ್ದು ಅದೇ ಮೊದಲು. ಸೊಂಟ ಹಿಡಿದಿದೆ, ನೀನೇ ಹಾಕು ಎಂದು ಸೊಸೆಗೆ ಹೇಳಿಬಿಡಬಹುದಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಇಲ್ಲವೇ ಸುಮ್ಮನಿದ್ದು, ತಣ್ಣೀರು ಸ್ವಲ್ಪ ಜಾಸ್ತಿಯೇ ಬೆರೆಸಬಹುದಿತ್ತು. ಆದರೆ ಜಾಸ್ತಿ ಎಂದರೆ ಎಷ್ಟು? ಈ ಚಳಿಯಲ್ಲಿ ನೀರು ಆರಿದ್ದರೂ ಕೂಸಿಗೆ ಕೆಟ್ಟದ್ದೇ. ಬಿಸಿಲು ಗೋಡೆ ದಾಟಿ ಆಚೆ ಹೋಗುವವರೆಗೂ ಆಕೆ ಕಲ್ಲು ಬಿಟ್ಟು ಏಳಲಿಲ್ಲ.

ಸಂಜೆ ಕಾಫಿಯ ಲೋಟ ಹಿಡಿದು ಅಶೋಕ ಗುಂಡಿ ನೋಡಲೆಂದು ಬಚ್ಚಲಿಗೆ ಹೊರಟಾಗ ಆಕೆ ಕರೆದಳು.

"ನಾಳೀಕೆ ನಿನ್ನ ಚುಕ್ಕೆಗೇ ಇಡು ಮಗ. ನಾನು ಮುಟ್ಟಕಿಲ್ಲ."

ಅಶೋಕನಿಗೆ ಗೆದ್ದ ಸಂಭ್ರಮ. ನೇರ ಅಡುಗೆಮನೆಗೆ ಹೋಗಿ, ಅವ್ವನೂ ಒಪ್ಪಿದಳು ನೋಡು ಎಂದು ಹೆಂಡತಿಗೆ ಹೇಳಿದ. ಹೇಳುತ್ತಿದ್ದಂತೆಯೇ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅವ್ವ ಯಾವ ವಾದದಲ್ಲೂ ಹೀಗೆ ತಾನಾಗಿಯೇ ಸೋತವಳಲ್ಲ. ಲೋಟ ಅಲ್ಲೇ ಇಟ್ಟು ವಾಪಸು ಬಂದ, ಆಕೆಯ ಪಕ್ಕದಲ್ಲಿ ಕೂತು ಏನಾಯಿತು ಎಂದು ಕೇಳಿದ. ಪುಟ್ಟಲಿಂಗಮ್ಮ ಸೀರೆಯ ಅಂಚನ್ನು ಸ್ವಲ್ಪ ಸರಿಸಿ ತೋರಿಸಿದಳು.

ಅವನು ಅದನ್ನು ನೋಡಿದವನೇ ಸ್ಕೂಟರ್ ತೆಗೆದ. ಕ್ಲಿನಿಕ್ಕಿನಲ್ಲಿ ಗಾಯ ತೊಳೆದು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಕಾಲು ನೆನೆಸಬಾರದು, ಬಿಸಿಯ ವಿಷಯದಲ್ಲಿ ಇನ್ನು ಈ ಕೈಕಾಲುಗಳನ್ನು ನಂಬುವ ಹಾಗಿಲ್ಲ ಎಂದರು ಡಾಕ್ಟರು. ವಾಪಸು ಬರುವಾಗ ಪುಟ್ಟಲಿಂಗಮ್ಮ ಮಗನ ಹೆಗಲು ಹಿಡಿದು ಕೂತಿದ್ದಳು. ಮನೆಗೆ ಬಂದವಳೇ, ನಾಳೆ ಪದ್ಮಾವತಿ ನೀರು ಹಾಕುತ್ತಾಳೆ ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಭಾನುಪ್ರಿಯಾ ಬಂದು ಬೆನ್ನ ಹಿಂದೆ ಕೂತು, ತಾನು ದಿನಾ ಕದ್ದು ತಣ್ಣೀರು ಬೆರೆಸಿಕೊಳ್ಳುತ್ತಿದ್ದುದನ್ನು ಹೇಳಿದಳು.

"ನಂಗೆ ಮೊದ್ಲೇ ಯೋಳ್ಬಾರ್ದಿತ್ತೇನವ್ವ," ಎಂದಳು ಪುಟ್ಟಲಿಂಗಮ್ಮ. ಸಿಟ್ಟಿರಲಿಲ್ಲ. ಈ ಕಡೆ ಹೊರಳಿ ಮೊಮ್ಮಗಳ ಬೆನ್ನಿನ ಮೇಲೆ ಅಂಗೈಯಾಡಿಸಿದಳು, ಅಲ್ಲೂ ಎಲ್ಲಾದರೂ ಬೊಬ್ಬೆ ಇದೆಯೋ ಏನೋ ಎಂದು.

ಭಾನುವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಎಣ್ಣೆ ಬೆಚ್ಚಗೆ ಮಾಡಿ ಕೂಸಿನ ಮೈಗೆ ತಿಕ್ಕಿದ್ದಾಯಿತು. ಹೆಸರುಹಿಟ್ಟಿನ ಬಟ್ಟಲು, ಹತ್ತಿ ಸೀರೆಯ ತುಂಡುಗಳು, ಸಾಂಬ್ರಾಣಿಗೆ ಕೆಂಡ, ಯಾವುದೂ ತಪ್ಪಿರಲಿಲ್ಲ. ಪದ್ಮಾವತಿ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಪಾಪ, ಆಕೆ ಹೆತ್ತದ್ದು ಒಬ್ಬಳನ್ನೇ, ಆ ಒಬ್ಬಳಿಗೂ ನೀರು ಹಾಕಿದ್ದು ಅತ್ತೆ. ಎಣ್ಣೆ ಹಚ್ಚಿದ ಕೂಸು ಕೈಯಲ್ಲಿ ನಿಲ್ಲಲೊಲ್ಲದು. ಕಾಲಿನ ಮೇಲೆ ಮಲಗಿಸಿದರೆ ಒಂದು ಕಡೆಗೆ ಜಾರುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ. ಬಾಗಿಲಲ್ಲಿ ನಿಂತ ಪುಟ್ಟಲಿಂಗಮ್ಮ, ಕಾಲು ಜೋಡಿಸಿಕೋ, ಕತ್ತಿನ ಕೆಳಗೆ ಕೈ ಕೊಡು ಎಂದು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹೇಳಿಕೊಡುತ್ತಿದ್ದಳು. ಹೇಳುತ್ತ ಹೇಳುತ್ತ ಆಕೆಯ ಕೈಗಳು ಗಾಳಿಯಲ್ಲೇ ಕೂಸನ್ನು ಹಿಡಿದುಕೊಂಡಿದ್ದವು. ಕೊನೆಗೆ ಪದ್ಮಾವತಿಯ ಕಣ್ಣಲ್ಲೇ ನೀರು ಬಂತು.

"ನನ್ ಕೈಲಾಗಲ್ಲ ಅತ್ತೆ. ನೀವೇ ಬನ್ನಿ," ಎಂದಳು.

ಪುಟ್ಟಲಿಂಗಮ್ಮ ಜಗ್ಗಲಿಲ್ಲ. ನನ್ನ ಕಾಲನ್ನು ನಂಬಿ ನಾನೇ ಕೂರಲಾರೆ ಎಂದಳು. ಆಗ ಅಶೋಕ ಅಡುಗೆಮನೆಯಿಂದ ಖಾಲಿ ಪ್ಲಾಸ್ಟಿಕ್ ಕವರೊಂದನ್ನು ತಂದು, ಅವ್ವನ ಪಟ್ಟಿ ಕಟ್ಟಿದ ಪಾದಕ್ಕೆ ತೊಡಿಸಿ, ಹರಡಿನ ಹತ್ತಿರ ದಾರ ಸುತ್ತಿ ಗಂಟು ಹಾಕಿದ. ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದ. ಆಮೇಲೆ ತನ್ನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಬನಿಯನ್ನಿನಲ್ಲೇ ಒದ್ದೆ ನೆಲದ ಮೇಲೆ ಆಕೆಯ ಪಕ್ಕ ಕೂತು, ತನ್ನ ಎರಡೂ ಕಾಲುಗಳನ್ನು ಆಕೆಯ ಕಾಲುಗಳ ಪಕ್ಕಕ್ಕೆ ಚಾಚಿದ.

"ನನ್ ಕಾಲ್ಗೆ ಆಕವ್ವ ಮೊದಲ್ನೇ ಚೊಂಬು."

ಪುಟ್ಟಲಿಂಗಮ್ಮ ಆ ಕಾಲುಗಳನ್ನು ನೋಡಿದಳು. ರೋಮ ನೆರೆತು, ಹಿಮ್ಮಡಿ ಒಡೆದು, ಮುದುಕನ ಕಾಲಾಗಿದ್ದವು. ಬೀರಮ್ಮ ಮೊದಲ ಸಲ ಈ ಮಗನನ್ನು ತಂದು ತನ್ನ ಕಾಲಿನ ಮೇಲೆ ಮಲಗಿಸಿದ್ದಾಗ ಅವು ಹೇಗಿದ್ದವೆಂದು ಆಕೆಗೆ ಚೆನ್ನಾಗಿ ನೆನಪಿತ್ತು. ಬಕೆಟ್ಟಿಗೆ ಚೊಂಬು ಅದ್ದಿ ಅವನ ಪಾದಕ್ಕೆ ಸುರಿದಳು.

ನಲವತ್ತೈದರ ನೀರು ಎಂದರೆ ಬೆರೆಸುವುದೇ ಬೇಡ ಎಂದು ಎಲ್ಲರಿಗೂ ಪಾಠ ಹೇಳಿದ್ದ ಅಶೋಕ ಸ್ವಲ್ಪ ಯೋಚಿಸಿದ. ಇದು ತನ್ನ ಮೈಗಲ್ಲ ಎನ್ನುವುದು ನೆನಪಾಗಿರಬೇಕು.

"ಬಿಸಿ ಅದೆ. ಒಂಚೂರು ತಣ್ಣೀರು ಬೆರ್ಸು," ಎಂದ.

ಆಕೆ ಬೆರೆಸಿ, ಬಕೆಟ್ಟಿನ ತಳದಿಂದ ಮೇಲಕ್ಕೆ ಕೈಯಾಡಿಸಿ, ಮತ್ತೊಂದು ಚೊಂಬು ಸುರಿದಳು. ಇನ್ನೂ ಒಂದಿಷ್ಟು ಎಂದ. ಮತ್ತೊಮ್ಮೆ ಬೆರೆಸಿ ಸುರಿದು ಅವನ ಮುಖವನ್ನೇ ನೋಡಿದಳು.

"ತಾಳ್ತದಾ?"

"ತಾಳ್ತದೆ ಕಣವ್ವ."

ಭಾನುಪ್ರಿಯಾ ಬಗ್ಗಿ ಕೂಸನ್ನು ಅಜ್ಜಿಯ ಕಾಲುಗಳ ಮೇಲೆ ಮಲಗಿಸಿದಳು. ಪುಟ್ಟಲಿಂಗಮ್ಮನ ಎಡಗೈ ತಾನಾಗಿಯೇ ಕತ್ತಿನ ಕೆಳಗೆ ಹೋಯಿತು. ಬಲಗೈ ಎದೆಯ ಮೇಲೆ ನೀರು ಬಿಟ್ಟಿತು. ಕೂಸು ಒಮ್ಮೆ ಬೆಚ್ಚಿ ಕೈಗಳನ್ನು ಅಗಲಿಸಿತು, ಅಳುವುದಕ್ಕೆ ಬಾಯಿ ತೆರೆಯಿತು, ಆಮೇಲೆ ಅಳುವುದನ್ನು ಮರೆತು ಹಾಗೇ ಮಲಗಿತು. ಹೆಸರುಹಿಟ್ಟು ಹಚ್ಚಿ, ಮಗುಚಿ ಬೆನ್ನು ತಿಕ್ಕಿ, ಕಿವಿಗೆ ಅಂಗೈ ಅಡ್ಡ ಹಿಡಿದು ತಲೆಗೆ ಹಾಕುವಾಗ ಆಕೆಗೆ ಯಾರೂ ಏನನ್ನೂ ಹೇಳಿಕೊಡಬೇಕಿರಲಿಲ್ಲ. ನಡುನಡುವೆ ಒಂದು ಚೊಂಬು ಅಶೋಕನ ಪಾದಕ್ಕೆ ಹೋಗುತ್ತಿತ್ತು. ಅವನು ಸರಿ ಎಂದು ತಲೆಯಾಡಿಸಿದ ಮೇಲೆಯೇ ಮುಂದಿನದು ಕೂಸಿಗೆ. ಪುಟ್ಟಲಿಂಗಮ್ಮನ ಮುದಿಕಾಲುಗಳಿಗೆ ನೀರಿನ ಬಿಸಿ ತಿಳಿಯುತ್ತಿರಲಿಲ್ಲ. ಕೂಸಿನ ಭಾರ ತಿಳಿಯುತ್ತಿತ್ತು.

ಕೊನೆಯ ಚೊಂಬನ್ನು ಕೂಸಿಗೆ ನಿವಾಳಿಸಿ ಚೆಲ್ಲಿದ್ದಾಯಿತು. ಪದ್ಮಾವತಿ ಬಟ್ಟೆಯಲ್ಲಿ ಸುತ್ತಿ ಕೂಸನ್ನು ಎತ್ತಿಕೊಂಡಳು. ಭಾನುಪ್ರಿಯಾ ಸಾಂಬ್ರಾಣಿಗೆ ಎಂದು ಹಿಂದೆಯೇ ಹೋದಳು. ಬಚ್ಚಲಿನಲ್ಲಿ ತಾಯಿ ಮಗ ಇಬ್ಬರೇ ಕಾಲು ಚಾಚಿಕೊಂಡು ಕೂತಿ‌ದ್ದರು. ಅಶೋಕ ಗೋಡೆ ಹಿಡಿದು ಏಳಲು ಹೊರಟ. ಪುಟ್ಟಲಿಂಗಮ್ಮ ಬಕೆಟ್ಟಿನೊಳಗೆ ಇಣುಕಿ ನೋಡಿದಳು. ಅರ್ಧಕ್ಕಿಂತ ಜಾಸ್ತಿಯೇ ನೀರು ಉಳಿದಿತ್ತು, ಇನ್ನೂ ಆವಿಯಾಡುತ್ತಿತ್ತು.

"ಎಲ್ಗೋಯ್ತೀಯ? ಇಷ್ಟು ಬಿಸ್ನೀರು ಉಳ್ದದೆ, ಮೋರಿಗೆ ಚೆಲ್ಲಕಾಯ್ತದಾ? ಬಗ್ಗು."

ಅಶೋಕ ಒಂದು ಕ್ಷಣ ಆಕೆಯನ್ನು ನೋಡಿದ. ಆಮೇಲೆ ಮತ್ತೆ ಕೂತು, ಬನಿಯನ್ನನ್ನು ಕಳಚಿ ನಲ್ಲಿಯ ಮೇಲೆ ಹಾಕಿ, ಕಣ್ಣು ಮುಚ್ಚಿಕೊಂಡು ಅವ್ವನ ಕಡೆಗೆ ತಲೆ ಬಗ್ಗಿಸಿದ.